ಕವಿಯ ಮನೆಗೆ ಹೋದರೆ ಹಿತ್ತಲಲ್ಲಿ ಹೆಚ್ಚು ಹೊತ್ತು ನಿಲ್ಲಿ

ಇಂಗ್ಲಿಷ್ ಕವಿ ವರ್ಡ್ಸ್‌ವರ್ತ್ ಬದುಕಿದ್ದಾಗಲೇ ಅವನ ಮನೆ ನೋಡಲು ಜನ ಬರುತ್ತಿದ್ದರು. ಹಾಗೆ ಬಂದ ಒಬ್ಬರು, ಕವಿಗಳು ಕೂತು ಬರೆಯುವ ಕೋಣೆ ಯಾವುದಮ್ಮ, ತೋರಿಸು ಎಂದು ಮನೆಗೆಲಸದವಳನ್ನು ಕೇಳಿದರಂತೆ. ಅವಳು ಕಪಾಟುಗಳಿದ್ದ ಕೋಣೆಗೆ ಕರೆದುಕೊಂಡು ಹೋಗಿ, ಇದು ಯಜಮಾನರು ಪುಸ್ತಕ ಇಡುವ ಜಾಗ, ಅವರ ಬರವಣಿಗೆಯೆಲ್ಲ ಹೊರಗಡೆಯೇ ಎಂದಳಂತೆ. ಇವತ್ತು ನಾನು ಹೇಳಬೇಕೆಂದು ಬಂದಿರುವ ಮಾತನ್ನು ಆಕೆ ಇನ್ನೂರು ವರ್ಷದ ಹಿಂದೆಯೇ ಹೇಳಿಬಿಟ್ಟಿದ್ದಾಳೆ.

ಕವಿಯ ಮನೆಗೆ ಹೋದಾಗ ನಾವೆಲ್ಲ ಏನು ನೋಡುತ್ತೇವೆ? ಕನ್ನಡಕ, ಪೆನ್ನು, ಊರುಗೋಲು, ಗಾಜಿನ ಪೆಟ್ಟಿಗೆಯೊಳಗಿನ ಪ್ರಶಸ್ತಿ. ನೋಡಬಾರದು ಅನ್ನುವುದಿಲ್ಲ, ಮುಟ್ಟಿದ ವಸ್ತುಗಳ ಮೇಲೆ ಪ್ರೀತಿ ಇರುವುದು ಸಹಜ. ಆದರೆ ಕವಿತೆ ಹುಟ್ಟಿದ ಜಾಗ ಅದೇ ಎಂದು ನಂಬಿ ಬಂದುಬಿಡುತ್ತೇವೆ. ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿ, ಬೆಟ್ಟ ಮತ್ತು ಸರೋವರಗಳ ನಡುವೆ, ವರ್ಡ್ಸ್‌ವರ್ತ್ ಬಾಳಿದ ಎರಡು ಮನೆಗಳಿವೆ. ಅವೆರಡನ್ನೂ ನೋಡಿ ಬಂದ ಮೇಲೆ ನನಗೆ ನಮ್ಮ ಕುಪ್ಪಳಿಯೂ ಬೇರೆ ರೀತಿಯಲ್ಲಿ ಕಾಣತೊಡಗಿತು, ನಮ್ಮ ಬೆಂಗಳೂರಿನ ಬೀದಿಗಳೂ ಕೂಡ.

ಮೊದಲನೆಯದು ಡವ್ ಕಾಟೇಜ್. ಗ್ರಾಸ್‌ಮಿಯರ್ ಎಂಬ ಹಳ್ಳಿಯ ಅಂಚಿನಲ್ಲಿದೆ. ಆ ಹೆಸರು ಆಮೇಲೆ ಬಂದದ್ದು. ಹಿಂದೆ ಅದು ದಾರಿಹೋಕರ ಪಾನಗೃಹವಾಗಿತ್ತು, ಅದರ ಬೋರ್ಡಿನಲ್ಲಿ ಪಾರಿವಾಳವೂ ಆಲಿವ್ ಕೊಂಬೆಯೂ ಇದ್ದವು. 1799ರ ಡಿಸೆಂಬರ್‌ನಲ್ಲಿ, ಕೊರೆಯುವ ಚಳಿಯಲ್ಲಿ, ಇಪ್ಪತ್ತೊಂಬತ್ತರ ಅಣ್ಣ ವಿಲಿಯಂ ಮತ್ತು ಅವನಿಗಿಂತ ಸುಮಾರು ಒಂದೂಮುಕ್ಕಾಲು ವರ್ಷ ಚಿಕ್ಕವಳಾದ ತಂಗಿ ಡೊರೊತಿ ಇಲ್ಲಿಗೆ ಬಂದರು. ಬಾಡಿಗೆ ವರ್ಷಕ್ಕೆ ಐದು ಪೌಂಡು. ಚಿಕ್ಕಂದಿನಲ್ಲೇ ತಾಯಿ ತಂದೆಯನ್ನು ಕಳೆದುಕೊಂಡು ಬೇರೆ ಬೇರೆ ಮನೆಗಳಲ್ಲಿ ಬೆಳೆದ ಇಬ್ಬರೂ ತಮ್ಮದು ಅನ್ನುವ ಒಲೆ ಹಚ್ಚಿದ್ದು ತಡವಾಗಿ. ಹಾಗಾಗಿ ಈ ಐದು ಪೌಂಡಿನ ಮನೆ ಅವರಿಗೆ ಎಷ್ಟು ದೊಡ್ಡದಾಗಿತ್ತು ಎಂದು ಊಹಿಸಿಕೊಳ್ಳಿ.

ಒಳಗೆ ಹೋದರೆ ಕತ್ತಲು. ಕೆಳಗೆ ಕಲ್ಲುಚಪ್ಪಡಿಯ ನೆಲ, ಗೋಡೆಗೆ ಕಪ್ಪಗಾದ ಮರದ ಹಲಗೆ, ತಲೆಗೆ ತಾಗುವಂತಹ ಮಾಡು. ಮಹಡಿಯ ಒಂದು ಪುಟ್ಟ ಕೋಣೆಯ ಗೋಡೆಗಳಿಗೆ ಡೊರೊತಿ ಹಳೆಯ ಪತ್ರಿಕೆಗಳನ್ನು ಅಂಟಿಸಿದ್ದಳು, ಚಳಿ ತಡೆಯಲಿ ಎಂದು. ಇವತ್ತಿಗೂ ಆ ಕೋಣೆಯನ್ನು ಪತ್ರಿಕೆ ಅಂಟಿಸಿಯೇ ಇಟ್ಟಿದ್ದಾರೆ. ವರ್ಡ್ಸ್‌ವರ್ತ್ 1802ರಲ್ಲಿ ಮೇರಿಯನ್ನು ಮದುವೆಯಾದ, ಮೂರು ಮಕ್ಕಳು ಇದೇ ಮನೆಯಲ್ಲಿ ಹುಟ್ಟಿದರು, ಸ್ನೇಹಿತರು ಬಂದರೆ ವಾರಗಟ್ಟಲೆ ಇರುತ್ತಿದ್ದರು. ಅಂತಹ ಗಲಾಟೆಯಲ್ಲಿ ಒಬ್ಬ ಮನುಷ್ಯ ಸಾಲುಗಳನ್ನು ಕಟ್ಟುವುದೆಲ್ಲಿ?

ಹಿತ್ತಲ ಬಾಗಿಲು ದಾಟಿದರೆ ಉತ್ತರ ಸಿಗುತ್ತದೆ. ಮನೆಯ ಹಿಂದೆ ಕಡಿದಾದ ಗುಡ್ಡ, ಅದರ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ತೋಟ. ದೊಡ್ಡದೇನಲ್ಲ, ಬಿಡುವಿದ್ದರೆ ಕೆಲವೇ ನಿಮಿಷದಲ್ಲಿ ಸುತ್ತಿ ಬರಬಹುದು. ನೆರೆಯವನ ನೆರವಿನಿಂದ ಬಂಡೆಯಲ್ಲಿ ಮೆಟ್ಟಿಲು ಮಾಡಿದ್ದರು, ತುದಿಯಲ್ಲಿ ಕೂರಲು ಹಾವಸೆ ಹೊದಿಸಿದ ಗುಡಿಸಿಲು ಕಟ್ಟಿಕೊಂಡಿದ್ದರು. ಗಿಡಗಳನ್ನು ನರ್ಸರಿಯಿಂದ ಕೊಂಡು ತಂದ ತೋಟ ಅದಲ್ಲ. ಅಣ್ಣ ತಂಗಿ ಸರೋವರದ ದಡಕ್ಕೆ, ಕಾಡಿಗೆ ಹೋಗಿ ಜರೀಗಿಡ, ಹಾವಸೆ, ನೆಲದ ಮೇಲೆ ಬೆಳೆಯುವ ಆರ್ಕಿಡ್ ಇಂಥವನ್ನು ಬೇರುಸಹಿತ ತಂದು ನೆಟ್ಟರು. ಅಕ್ಕಪಕ್ಕದ ಮನೆಯವರು ಕೊಟ್ಟ ಗಿಡಗಳೂ ಇದ್ದವು. ಹೂವಿನ ಜತೆಗೇ ಬಟಾಣಿ, ಹುರುಳಿಕಾಯಿ. ಕೆಂಪು ಹೂ ಬಿಡುವ ಹುರುಳಿಕಾಯಿಯ ಬಳ್ಳಿಯನ್ನು ಮುಂದಿನ ಗೋಡೆಗೇ ಹಬ್ಬಿಸಿದ್ದರು. ನಿಮ್ಮ ಅಜ್ಜಿಯರೂ ಮದುವೆ ಮನೆಗೆ ಹೋದವರು ಬರುವಾಗ ಸೆರಗಿನಲ್ಲಿ ಒಂದು ದಾಸವಾಳದ ಕಡ್ಡಿ ಕಟ್ಟಿಕೊಂಡು ಬರುತ್ತಿದ್ದರಲ್ಲ, ಅದೇ ಬಗೆಯ ತೋಟ ಅದು.

ಇದೆಲ್ಲ ನಮಗೆ ಗೊತ್ತಾಗಿರುವುದು ಡೊರೊತಿ ಬರೆದಿಟ್ಟ ದಿನಚರಿಯಿಂದ. 1800ರಿಂದ 1803ರವರೆಗಿನ ಆ ಪುಟಗಳಲ್ಲಿ ಬಟಾಣಿಗೆ ಕೋಲು ಊರಿದ್ದು, ರೊಟ್ಟಿ ಸುಟ್ಟಿದ್ದು, ಅಣ್ಣನಿಗೆ ತಲೆನೋವು ಬಂದದ್ದು, ಬಾಗಿಲಿಗೆ ಬಂದ ಭಿಕ್ಷುಕಿಯ ಮುಖ ಹೇಗಿತ್ತು ಎಂಬುದು, ಸಂಜೆ ಸರೋವರದ ಬಣ್ಣ, ಎಲ್ಲವೂ ಇವೆ. ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಡ್ಯಾಫೊಡಿಲ್ ಪದ್ಯ ನೆನಪಿದೆಯಲ್ಲ? ಆ ಹೂವನ್ನು ಕಾಣದೆಯೇ ನಮ್ಮಲ್ಲಿ ಎರಡು ಮೂರು ತಲೆಮಾರು ಆ ಪದ್ಯವನ್ನು ಒಪ್ಪಿಸಿದೆ. ಪದ್ಯದಲ್ಲಿ ಕವಿ ಒಂಟಿಯಾಗಿ ಅಲೆಯುತ್ತಾನೆ. ನಿಜವಾಗಿ 1802ರ ಏಪ್ರಿಲ್ 15ರಂದು ಉಲ್ಸ್‌ವಾಟರ್ ಸರೋವರದ ದಂಡೆಯಲ್ಲಿ ಆ ಹೂಗಳನ್ನು ಕಂಡಾಗ ಡೊರೊತಿ ಜತೆಗಿದ್ದಳು. ಗಾಳಿಗೆ ಹೂಗಳು ನಕ್ಕವು, ಕುಣಿದವು ಎಂದು ಅವತ್ತಿನ ಪುಟದಲ್ಲಿ ಬರೆದವಳು ಅವಳು. ಪದ್ಯ ಬಂದದ್ದು ಎರಡು ವರ್ಷ ಆದ ಮೇಲೆ, 1804ರಲ್ಲಿ. ಅದರಲ್ಲೂ ಒಳಗಣ್ಣಿನ ಬಗ್ಗೆ ಇರುವ ಎರಡು ಸಾಲು, ಇಡೀ ಪದ್ಯದ ಜೀವ ಅನ್ನಬಹುದಾದ ಸಾಲುಗಳು, ಹೆಂಡತಿ ಮೇರಿಯದು. ಹಾಗೆಂದು ವರ್ಡ್ಸ್‌ವರ್ತನೇ ಹೇಳಿದ್ದಾನೆ. ಒಂದು ಹೂವಿನ ಪದ್ಯಕ್ಕೆ ಮೂರು ಜನ. ಆದ್ದರಿಂದ ಆ ಹಿತ್ತಲಲ್ಲಿ ನಿಂತಾಗ ಬರೀ ಕವಿಯ ತೋಟ ಅನ್ನುವುದಕ್ಕೆ ನನಗೆ ಮನಸ್ಸು ಬರಲಿಲ್ಲ. ಮಣ್ಣು ಅಗೆದವಳು, ನೀರು ಹಾಕಿದವಳು, ಕಂಡದ್ದನ್ನು ಮೊದಲು ಬರೆದಿಟ್ಟವಳು ಡೊರೊತಿ. ನಮ್ಮಲ್ಲೂ ಕವಿಮನೆ ಎಂದು ಫಲಕ ಹಾಕುವಾಗ ಆ ಮನೆ ನಡೆಸಿದ ಹೆಂಗಸರ ಹೆಸರು ಎಲ್ಲಿದೆ ಎಂದು ನೋಡಬೇಕು.

1808ರಲ್ಲಿ ಮನೆ ಸಾಲದೆ ಬಿಟ್ಟರು. ಅಲ್ಲಿಗೆ ಬಾಡಿಗೆಗೆ ಬಂದವನು ಡಿ ಕ್ವಿನ್ಸಿ ಎಂಬ ಲೇಖಕ. ಮುಂದೆ 1890ರಲ್ಲಿ ಒಂದು ಟ್ರಸ್ಟ್ ಹಣ ಕೂಡಿಸಿ ಅದನ್ನು ಕೊಂಡಿತು, ಮರುವರ್ಷವೇ ಜನರಿಗೆ ತೆರೆಯಿತು. ಒಂದು ಸಂಗತಿ ಮಾತ್ರ ಉಳಿಯಲಿಲ್ಲ. ಅಣ್ಣ ತಂಗಿ ಇದ್ದಾಗ ಮುಂದಿನ ಕಿಟಕಿಯಿಂದ ಸರೋವರ ಕಾಣುತ್ತಿತ್ತು. ಆಮೇಲೆ ಎದುರಿಗೆ ಮನೆಗಳೆದ್ದವು. ಮನೆ ಉಳಿಯಿತು, ನೋಟ ಹೋಯಿತು.

ಎರಡನೆಯದು ರೈಡಲ್ ಮೌಂಟ್, ಅಲ್ಲಿಂದ ಸುಮಾರು ಮೂರು ಕಿಲೋಮೀಟರ್. ಎರಡೂ ಮನೆಗಳ ಬೆನ್ನಿಗೆ ಒಂದು ಹಳೆಯ ಕಾಲುದಾರಿ ಹೋಗುತ್ತದೆ. ರೈಡಲ್‌ನಲ್ಲಿ ಸತ್ತವರನ್ನು ಗ್ರಾಸ್‌ಮಿಯರ್‌ನ ಚರ್ಚಿಗೆ ಹೊತ್ತು ಸಾಗಿಸುತ್ತಿದ್ದ ದಾರಿ. ಶವಪೆಟ್ಟಿಗೆ ಇಳಿಸಿ ಹೊತ್ತವರು ಹೆಗಲು ಆರಿಸಿಕೊಳ್ಳುವ ಕಲ್ಲು ಇನ್ನೂ ಇದೆ. ಬಸ್ಸು ಬಿಟ್ಟು ಆ ದಾರಿಯಲ್ಲಿ ನಡೆದರೇ ಈ ಎರಡು ಮನೆಗಳ ನಂಟು ಕಾಲಿಗೆ ತಿಳಿಯುವುದು.

ಈ ಮನೆಗೆ ಅವರು ಬಂದದ್ದು ದುಃಖದಲ್ಲಿ. 1812ರ ಒಂದೇ ವರ್ಷದಲ್ಲಿ ಕ್ಯಾಥರೀನ್ ಮತ್ತು ಥಾಮಸ್ ಎಂಬ ಎರಡು ಮಕ್ಕಳು ತೀರಿಕೊಂಡರು. ಆಗ ಇದ್ದ ಮನೆ ಸ್ಮಶಾನದ ಪಕ್ಕದಲ್ಲೇ ಇತ್ತು, ಕಿಟಕಿ ತೆರೆದರೆ ಮಕ್ಕಳ ಗೋರಿ. ತಾಳಲಾರದೆ 1813ರಲ್ಲಿ ಇಲ್ಲಿಗೆ ಬಂದರು, 1850ರ ಏಪ್ರಿಲ್ 23ರಂದು ಕವಿ ಕಣ್ಣು ಮುಚ್ಚಿದ್ದೂ ಇಲ್ಲೇ.

ಮೂವತ್ತೇಳು ವರ್ಷ ಅವನು ಇಲ್ಲಿ ತೋಟ ಮಾಡಿದ. ಹವ್ಯಾಸಕ್ಕೆ ಮಾಡಿದ್ದು ಎಂದುಕೊಳ್ಳಬೇಡಿ. ಅದಕ್ಕೂ ಮುಂಚೆಯೇ, 1806ರ ಚಳಿಗಾಲದಲ್ಲಿ, ಕೋಲಾರ್ಟನ್ ಎಂಬಲ್ಲಿ ಸ್ನೇಹಿತರಿಗಾಗಿ ಎಲೆ ಉದುರದ ಗಿಡಗಳದೇ ಒಂದು ಚಳಿಗಾಲದ ತೋಟವನ್ನು ಯೋಜಿಸಿಕೊಟ್ಟಿದ್ದ. ಯಾವ ಮೂಲೆಯಲ್ಲಿ ಯಾವ ಗಿಡ, ಎಲ್ಲಿ ಕೂರುವ ಜಾಗ ಎಂದು ಉದ್ದನೆಯ ಪತ್ರ ಬರೆದಿದ್ದ. ರೈಡಲ್ ಮೌಂಟಿನ ಇಳಿಜಾರಿನಲ್ಲಿ ಕಲ್ಲು ಕಟ್ಟಿ, ಮಣ್ಣು ತುಂಬಿ, ಜಲ್ಲಿ ಹಾಸಿ ಒಂದರ ಮೇಲೊಂದು ದಾರಿಗಳನ್ನು ಮಾಡಿಸಿದ. ಒಂದು ದಾರಿ ಮೊದಲೇ ಇತ್ತು, ಉಳಿದವು ಅವನವು. ದಾರಿಯ ಕೊನೆಯ ಪುಟ್ಟ ಬೇಸಿಗೆ ಮನೆಯಲ್ಲಿ ಕುಳಿತರೆ ಕೆಳಗೆ ರೈಡಲ್ ಸರೋವರ ಕಾಣುತ್ತದೆ.

ಯಾಕೆ ಇಷ್ಟು ಸಮತಟ್ಟಾದ ನೇರ ದಾರಿ? ಆ ಕಾಲದ ಪ್ರಬಂಧಕಾರ ಹ್ಯಾಜ್ಲಿಟ್ ಒಂದು ಸೊಗಸಾದ ಮಾತು ಬರೆದಿದ್ದಾನೆ. ವರ್ಡ್ಸ್‌ವರ್ತನ ಗೆಳೆಯ, ಕವಿ ಕೋಲ್‌ರಿಜ್‌ಗೆ ಪದ್ಯ ಕಟ್ಟಲು ಏರುತಗ್ಗಿನ ನೆಲ ಬೇಕು, ಪೊದೆ ನುಗ್ಗಿಕೊಂಡು ಹೋಗಬೇಕು. ವರ್ಡ್ಸ್‌ವರ್ತ್‌ಗೆ ನೇರವಾದ ಜಲ್ಲಿ ದಾರಿ ಬೇಕು, ಹೋಗುವುದು, ತಿರುಗುವುದು, ಮತ್ತೆ ಬರುವುದು, ಲಯಕ್ಕೆ ಯಾವ ಅಡ್ಡಿಯೂ ಇರಬಾರದು. ಇಬ್ಬರ ಪದ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಈ ನಡಿಗೆ ಕೇಳಿಸುತ್ತದೆ. ವರ್ಡ್ಸ್‌ವರ್ತನ ದೊಡ್ಡ ಕಾವ್ಯ ಪ್ರಾಸವಿಲ್ಲದ ಬ್ಲ್ಯಾಂಕ್ ವರ್ಸ್‌ನಲ್ಲಿದೆ. ನಮ್ಮ ಸರಳ ರಗಳೆ ಬೆಳೆದದ್ದು ಇದೇ ಛಂದಸ್ಸಿನ ಸಹವಾಸದಲ್ಲಿ. ಪ್ರಾಸದ ಆಸರೆ ಇಲ್ಲದ ಸಾಲನ್ನು ಮುಂದಕ್ಕೆ ತಳ್ಳುವುದು ಹೆಜ್ಜೆಯೇ. ಅವನು ಬಾಯಲ್ಲಿ ಗುನುಗುತ್ತಾ ಶತಪಥ ಹಾಕಿ, ಸಾಲು ಗಟ್ಟಿಯಾದ ಮೇಲೆ ಒಳಗೆ ಬಂದು ಹೇಳುತ್ತಿದ್ದ, ಮನೆಯ ಹೆಂಗಸರು ಬರೆದುಕೊಳ್ಳುತ್ತಿದ್ದರು. ಅಮೆರಿಕದ ಲೇಖಕ ಎಮರ್ಸನ್ 1833ರಲ್ಲಿ ಬಂದಾಗ ಕವಿ ಅವನನ್ನು ತೋಟಕ್ಕೇ ಕರೆದೊಯ್ದು, ಸಾವಿರಾರು ಸಾಲು ಹುಟ್ಟಿದ್ದು ಈ ಜಲ್ಲಿ ದಾರಿಯಲ್ಲಿ ಎಂದು ತೋರಿಸಿದ. ಆಮೇಲೆ ಅಲ್ಲೇ ನಿಂತು, ಶಾಲೆಯ ಹುಡುಗ ಪದ್ಯ ಒಪ್ಪಿಸುವಂತೆ, ಹೊಸ ಸಾನೆಟ್ಟುಗಳನ್ನು ಹೇಳಿದ. ಎಮರ್ಸನ್‌ಗೆ ಮೊದಲು ನಗು ಬರುವಂತಾಯಿತು. ಮರುಕ್ಷಣ, ಇಷ್ಟು ದೂರ ನಾನು ಬಂದಿದ್ದು ಒಬ್ಬ ಕವಿಯನ್ನು ನೋಡಲು, ಅವನು ಪದ್ಯ ಹೇಳುತ್ತಿದ್ದಾನೆ, ತಪ್ಪು ನನ್ನದೇ ಎಂದುಕೊಂಡು ಮನಸಿಟ್ಟು ಕೇಳಿದ. ಯುವಕವಿ ಕೀಟ್ಸ್‌ಗೆ ಆ ಭಾಗ್ಯವಿರಲಿಲ್ಲ. 1818ರಲ್ಲಿ ಅವನು ಬಂದಾಗ ಕವಿ ಚುನಾವಣೆಯ ಪ್ರಚಾರಕ್ಕೆ ಹೋಗಿದ್ದ. ಪಾಪ, ಒಂದು ಚೀಟಿ ಬರೆದಿಟ್ಟು ಹೋದ. ಇನ್ನು ಡಿ ಕ್ವಿನ್ಸಿಯ ಲೆಕ್ಕದಲ್ಲಿ ಆ ಕಾಲುಗಳು ಜೀವಮಾನದಲ್ಲಿ ನಡೆದದ್ದು ಒಂದೂ ಮುಕ್ಕಾಲು ಲಕ್ಷ ಮೈಲಿಗೆ ಕಡಿಮೆಯಿಲ್ಲ.

ಲಾಲ್‌ಬಾಗಿನಲ್ಲಿ ದಿನಾ ಬೆಳಗ್ಗೆ ನಡೆಯುವವರು ಈ ಸಭೆಯಲ್ಲಿ ಬಹಳ ಜನ ಇದ್ದೀರಿ. ಬಿಕ್ಕಟ್ಟಾಗಿದ್ದ ಯೋಚನೆ ಎಷ್ಟನೆಯದೋ ಸುತ್ತಿನಲ್ಲಿ ತಾನಾಗಿ ಸಡಿಲವಾಗುವುದು ನಿಮಗೆ ಹೊಸದೇನೂ ಅಲ್ಲ. ಆ ಮನುಷ್ಯ ಅದಕ್ಕೆ ಬೇಕಾದ ನೆಲವನ್ನೇ ಕೈಯಾರೆ ಕಟ್ಟಿಕೊಂಡ. ಆದ್ದರಿಂದ ಆ ದಾರಿ ಅವನ ಮೇಜು. ಮೇಜನ್ನು ಗಾಜಿನ ಹಿಂದೆ ಜೋಪಾನ ಮಾಡುವವರು ದಾರಿಯನ್ನೂ ಅಷ್ಟೇ ಜೋಪಾನ ಮಾಡಬೇಕಲ್ಲವೇ?

ಈ ತೋಟ ಅವನ ಸ್ವಂತದ್ದಾಗಿರಲಿಲ್ಲ. ಕೊನೆಯವರೆಗೂ ಬಾಡಿಗೆದಾರನೇ. ಒಂದು ಸಲ ಮನೆಯೊಡತಿ ಬಿಡಿಸುವ ಮಾತಾಡಿದಾಗ, 1826ರಲ್ಲಿ, ಪಕ್ಕದ ಗದ್ದೆಯಂಥ ಜಾಗವೊಂದನ್ನು ಕೊಂಡು, ಇಲ್ಲಿ ಮನೆ ಕಟ್ಟುತ್ತೇನೆ ಎಂದು ಹೊರಟ. ಬಿಡಿಸುವ ಮಾತು ತಣ್ಣಗಾಯಿತು, ಜಾಗ ಉಳಿಯಿತು, ಅದನ್ನು ಮಗಳು ಡೋರಾಗೆ ಕೊಟ್ಟ. 1847ರಲ್ಲಿ ಡೋರಾ ಕ್ಷಯದಿಂದ ತೀರಿಕೊಂಡಳು. ಎಪ್ಪತ್ತೇಳರ ಮುದುಕ, ಹೆಂಡತಿ, ಮನೆಯವರು ಸೇರಿ ಆ ಇಳಿಜಾರಿನ ತುಂಬ ಡ್ಯಾಫೊಡಿಲ್ ಗೆಡ್ಡೆಗಳನ್ನು ನೆಟ್ಟರು. ಅದಕ್ಕೆ ಇಂದಿಗೂ ಡೋರಾಳ ಹೊಲ ಎಂದೇ ಹೆಸರು. ಪದ್ಯದ ಹೂ ಸರೋವರದ ದಂಡೆಯಲ್ಲಿ ತಾನಾಗಿ ಬೆಳೆದದ್ದು. ಈ ಹೂ ಮಗಳಿಗಾಗಿ ನೆಟ್ಟದ್ದು. ನನಗೆ ಎರಡನೆಯದೇ ಹೆಚ್ಚು ಮನಸ್ಸಿಗೆ ತಾಗಿತು.

ತನ್ನ ಬೇಲಿಯ ಆಚೆಗೂ ಅವನ ಕಣ್ಣು ಇತ್ತು. ಸರೋವರ ಪ್ರದೇಶಕ್ಕೆ ಅವನು ಬರೆದ ಮಾರ್ಗದರ್ಶಿಯಲ್ಲಿ, ದುಡ್ಡಿದ್ದವರು ಬಂದು ಬೆಟ್ಟಗಳ ಮೇಲೆ ಹೊರನಾಡಿನ ಲಾರ್ಚ್ ಮರಗಳನ್ನು ಸಾವಿರಗಟ್ಟಲೆ ನೆಡುವುದನ್ನು ಕಂಡು ಸಂಕಟಪಟ್ಟಿದ್ದಾನೆ. ಎಲ್ಲ ಒಂದೇ ಎತ್ತರ, ಒಂದೇ ಆಕಾರ, ಕೆಳಗೆ ಹುಲ್ಲೂ ಬೆಳೆಯದು. ಮಲೆನಾಡಿನವರು ಇಲ್ಲಿ ಇದ್ದರೆ ನಾನು ಮುಂದೆ ಹೇಳಬೇಕಾಗಿಲ್ಲ. ಕಾಗದಕ್ಕೆಂದು ನಮ್ಮ ಗುಡ್ಡಗಳಿಗೆ ಬಂದ ಅಕೇಶಿಯಾ ಕಣ್ಣೆದುರೇ ಇದೆ. ಅದೇ ಪುಸ್ತಕದಲ್ಲಿ ಇನ್ನೊಂದು ಮಾತಿದೆ: ನೋಡುವ ಕಣ್ಣು, ಸವಿಯುವ ಹೃದಯ ಇರುವ ಪ್ರತಿಯೊಬ್ಬರಿಗೂ ಈ ನಾಡಿನಲ್ಲಿ ಹಕ್ಕಿದೆ, ಇದು ಒಂದು ಬಗೆಯ ರಾಷ್ಟ್ರದ ಆಸ್ತಿ. ಆ ವಿಚಾರದ ಬೀಜ ಮುಂದೆ 1895ರಲ್ಲಿ ನಾಡಿನ ಚೆಲುವಾದ ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಆಗಿ ಬೆಳೆಯಿತು. ಆದರೆ 1844ರಲ್ಲಿ ವಿಂಡರ್‌ಮಿಯರ್‌ಗೆ ರೈಲು ತರುವ ಯೋಜನೆ ಬಂದಾಗ ಇದೇ ಕವಿ ಎದ್ದು ನಿಂತು ವಿರೋಧಿಸಿದ. ರೈಲಿನಲ್ಲಿ ತಂಡ ತಂಡವಾಗಿ ಬರುವ ಕಾರ್ಮಿಕರಿಗೆ ಈ ಚೆಲುವು ತಿಳಿಯದು ಎಂಬುದೂ ಅವನ ವಾದದಲ್ಲಿತ್ತು. ಇಲ್ಲಿ ನಾನು ಅವನ ಜತೆ ನಿಲ್ಲಲಾರೆ. ಹಕ್ಕಿದೆ ಎಂದವನು ಬಾಗಿಲು ಹಾಕಬಾರದು. ಬೆಟ್ಟ ಕೆಡದಂತೆ ಜನರನ್ನು ಕರೆಯುವುದು ಹೇಗೆ ಅನ್ನುವುದೇ ಕಷ್ಟದ ಪ್ರಶ್ನೆ, ಆ ಪ್ರಶ್ನೆ ಇವತ್ತಿಗೂ ನಮ್ಮ ಎಲ್ಲ ಗಿರಿಧಾಮಗಳ ಮುಂದಿದೆ.

ಇನ್ನೊಂದು ಕಲ್ಲಿನ ಕತೆ ಹೇಳಬೇಕು. ಗ್ರಾಸ್‌ಮಿಯರ್‌ನಲ್ಲಿದ್ದ ವರ್ಡ್ಸ್‌ವರ್ತ್ ಮತ್ತು ಕೆಸಿಕ್‌ನಲ್ಲಿದ್ದ ಕೋಲ್‌ರಿಜ್ ಭೇಟಿಯಾಗುತ್ತಿದ್ದುದು ನಡುದಾರಿಯಲ್ಲಿ, ಥರ್ಲ್‌ಮಿಯರ್ ಸರೋವರದ ಬಳಿಯ ಒಂದು ಬಂಡೆಯ ಹತ್ತಿರ. ಆ ಬಂಡೆಯ ಮೇಲೆ ಆರು ಜನರ ಹೆಸರಿನ ಮೊದಲಕ್ಷರಗಳನ್ನು ಕೆತ್ತಿದ್ದರು. 1802ರ ಮೇ ತಿಂಗಳ ಒಂದು ದಿನ ಕೋಲ್‌ರಿಜ್ ಕೆತ್ತಿದ ಅಕ್ಷರಗಳನ್ನೆಲ್ಲ ಮುತ್ತಿಟ್ಟೆ ಎಂದು ಡೊರೊತಿ ಬರೆದಿದ್ದಾಳೆ. ಮುಂದೆ ಮ್ಯಾಂಚೆಸ್ಟರ್ ನಗರಕ್ಕೆ ಕುಡಿಯುವ ನೀರು ಬೇಕಾಯಿತು. ದೊಡ್ಡ ವಿರೋಧದ ನಡುವೆ ಥರ್ಲ್‌ಮಿಯರ್‌ಗೆ ಅಣೆಕಟ್ಟು ಬಂತು, 1894ರಲ್ಲಿ ನೀರು ಮ್ಯಾಂಚೆಸ್ಟರ್ ಸೇರಿತು. ಆ ಕೆಲಸದಲ್ಲಿ ಬಂಡೆ ಒಡೆದುಹೋಯಿತು. ರಾನ್ಸ್ಲಿ ಎಂಬ ಪಾದ್ರಿ, ನ್ಯಾಷನಲ್ ಟ್ರಸ್ಟ್ ಕಟ್ಟಿದವರಲ್ಲಿ ಒಬ್ಬರು, ಹೆಂಡತಿಯ ಜತೆ ಚೂರುಗಳನ್ನು ಆಯ್ದು ಒಟ್ಟುಮಾಡಿ ಕಲ್ಲುಗುಪ್ಪೆ ಕಟ್ಟಿಸಿದರು. 1984ರಲ್ಲಿ ಅವನ್ನು ಡವ್ ಕಾಟೇಜಿನ ಪಕ್ಕದ ಮ್ಯೂಸಿಯಂ ಹಿಂದಕ್ಕೆ ತಂದರು. ಆ ಚೂರುಗಳನ್ನು ಅಲ್ಲಿ ನೋಡಬಹುದು.

ಈಗ ಕುಪ್ಪಳಿಗೆ ಬನ್ನಿ. ಕುವೆಂಪು ಅವರ ಮನೆಯ ಹಿಂದಿನ ಗುಡ್ಡ ಹತ್ತಿದರೆ ಕವಿಶೈಲ. ಅಲ್ಲಿಯ ಹಾಸುಬಂಡೆಯ ಮೇಲೆ ಬಿ.ಎಂ.ಶ್ರೀ, ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಇವರ ಹೆಸರುಗಳನ್ನು 1936ರಲ್ಲಿ ಕೆತ್ತಿದ್ದಾರೆ. ಒಬ್ಬರು ಮೇಷ್ಟ್ರು, ಇನ್ನೊಬ್ಬರು ಮೇಷ್ಟ್ರು, ಮತ್ತೊಬ್ಬರು ಶಿಷ್ಯ. ನಮ್ಮ ಕಲ್ಲು ಇನ್ನೂ ಇದ್ದ ಜಾಗದಲ್ಲೇ ಇದೆ, ಅದೇ ಆಕಾಶ, ಅದೇ ಪಡುವಣ ಬೆಟ್ಟಸಾಲಿನ ಎದುರಿಗೆ. ಇಂಗ್ಲೆಂಡಿನವರಿಗೆ ಉಳಿಸಿಕೊಳ್ಳಲಾಗದ್ದು ನಮ್ಮ ಕೈಯಲ್ಲಿದೆ. ಈ ಮಾತನ್ನು ಬೆಂಗಳೂರಿನಲ್ಲಿ ನಿಂತು ಹೇಳುವಾಗ ನನಗೆ ಸ್ವಲ್ಪ ಭಾರವಾಗುತ್ತದೆ. ಶರಾವತಿಯ ನೀರನ್ನು ಈ ಊರಿಗೆ ತರುವ ಮಾತು ಎದ್ದು 2019ರಲ್ಲಿ ಮಲೆನಾಡು ಬೀದಿಗಿಳಿದದ್ದು ನಿಮಗೆ ನೆನಪಿರಬಹುದು. ಮ್ಯಾಂಚೆಸ್ಟರ್‌ನ ಬಾಯಾರಿಕೆಯೂ ಸುಳ್ಳಾಗಿರಲಿಲ್ಲ, ನಮ್ಮದೂ ಸುಳ್ಳಲ್ಲ. ಆದರೆ ದೂರದ ನದಿಗೆ ಕೊಳವೆ ಹಾಕುವ ಮುನ್ನ ಇಲ್ಲಿಯ ಕೆರೆಗಳನ್ನು ಏನು ಮಾಡಿದೆವು ಎಂದು ಕೇಳಿಕೊಳ್ಳುವ ಋಣ ನಮಗಿದೆ.

ಕುಪ್ಪಳಿಯ ಮನೆಯ ಮಟ್ಟಿಗೆ ನಮ್ಮವರು ದೊಡ್ಡ ಕೆಲಸ ಮಾಡಿದ್ದಾರೆ. ಉಪ್ಪರಿಗೆ, ಮರದ ಕಂಬಗಳು, ನಡುವಿನ ಅಂಗಳ, ತುಳಸಿಕಟ್ಟೆ, ಎಲ್ಲ ಚೆನ್ನಾಗಿವೆ. ಕವಿಶೈಲದಲ್ಲಿ 1994ರಲ್ಲಿ ಕುವೆಂಪು ಅವರ ಅಂತ್ಯಕ್ರಿಯೆಯಾದ ಜಾಗವಿದೆ, ಸುತ್ತ ದೊಡ್ಡ ಕಲ್ಲುಗಳನ್ನು ನಿಲ್ಲಿಸಿದ್ದಾರೆ. ಆ ಹಾದಿಯಲ್ಲೇ ಪೂರ್ಣಚಂದ್ರ ತೇಜಸ್ವಿಯವರ ಸ್ಮಾರಕವೂ ಇದೆ. ಧಾರವಾಡದ ಸಾಧನಕೇರಿಯಲ್ಲೂ ಬೇಂದ್ರೆಯವರ ಮನೆ ಮತ್ತು ಕೆರೆ ಜತೆಜತೆಗೇ ಇವೆ, ಒಂದನ್ನು ಬಿಟ್ಟು ಇನ್ನೊಂದನ್ನು ನೋಡಲಾಗದು.

ನನ್ನ ಆತಂಕ ಬೇರೆ ಕಡೆ ಇದೆ. ನಮ್ಮಲ್ಲಿ ಸ್ಮಾರಕ ಮಾಡುತ್ತೇವೆ ಎಂದು ಹೊರಟಾಗ ಮೊದಲು ಆಗುವ ಕೆಲಸ ಅಂಗಳಕ್ಕೆ ಟೈಲ್ಸ್. ಆಮೇಲೆ ಗ್ರಿಲ್, ಪುತ್ಥಳಿ, ಅದರ ಸುತ್ತ ಕ್ರೋಟನ್ ಗಿಡದ ಕುಂಡ. ಆ ಮನೆಯವರು ನೆಟ್ಟ ಪಾರಿಜಾತ, ಬಾವಿಕಟ್ಟೆಯ ಪಕ್ಕದ ಕರಿಬೇವು, ಪೂಜೆಗೆ ಹೂ ಕೊಯ್ಯುತ್ತಿದ್ದ ನಂದಿಬಟ್ಟಲು ಎಲ್ಲ ಅಡ್ಡ ಬಂತೆಂದು ಹೋಗುತ್ತವೆ. ಇನ್ನು ಬೆಂಗಳೂರಿನಲ್ಲಿ ಮನೆಯೇ ಉಳಿಯುವುದು ಕಷ್ಟ. ಗವಿಪುರದಲ್ಲಿ ಮಾಸ್ತಿ, ನಾಗಸಂದ್ರ ರಸ್ತೆಯಲ್ಲಿ ಡಿ.ವಿ.ಜಿ. ಇದ್ದ ಬಸವನಗುಡಿ ಸೀಮೆಯಲ್ಲಿ ಹಿತ್ತಲು ಎಂಬುದೇ ಈಗ ಎಷ್ಟು ಮನೆಗಳಿಗಿದೆ? ಸೈಟಿನ ಬೆಲೆಯ ಮುಂದೆ ಸಂಪಿಗೆ ಮರ ನಿಲ್ಲುವುದಿಲ್ಲ. ಎಲ್ಲ ಮನೆಗಳನ್ನೂ ಸರ್ಕಾರ ಕೊಂಡು ಉಳಿಸಲಿ ಎಂದು ಕೇಳುವುದು ಆಗುವ ಮಾತಲ್ಲ. ಆದರೆ ಡೊರೊತಿ ಮಾಡಿದ್ದನ್ನು ನಾವು ಮಾಡಬಹುದು. ನಿಮ್ಮ ಬೀದಿಯಲ್ಲಿ ಒಬ್ಬ ಕವಿ, ಒಬ್ಬ ಲೇಖಕಿ ಇದ್ದರು ಅನ್ನುವುದಾದರೆ, ಆ ಮನೆಯ ಹಿರಿಯರು ಇನ್ನೂ ಮಾತಾಡುವ ಸ್ಥಿತಿಯಲ್ಲಿರುವಾಗಲೇ ಹೋಗಿ ಕೇಳಿ: ಯಾವ ಗಿಡ ಎಲ್ಲಿತ್ತು, ನೆಟ್ಟವರು ಯಾರು, ಸಂಜೆ ಅವರು ಯಾವ ದಾರಿಯಲ್ಲಿ ನಡೆಯುತ್ತಿದ್ದರು, ಯಾವ ಕಟ್ಟೆಯಲ್ಲಿ ಕೂರುತ್ತಿದ್ದರು. ಒಂದು ಹಾಳೆಯಲ್ಲಿ ನಕ್ಷೆ ಬರೆದುಕೊಳ್ಳಿ. ಮನೆ ನಾಳೆ ಅಪಾರ್ಟ್‌ಮೆಂಟ್ ಆದರೂ ನಕ್ಷೆ ಉಳಿಯುತ್ತದೆ.

ಹಿಂದಿನ ಸಾಲಿನಿಂದ ಒಬ್ಬರು ಯಾವಾಗ ಹೋಗಬೇಕು ಎಂದು ಕೇಳುತ್ತಿದ್ದಾರೆ. ಅಲ್ಲಿಗಾದರೆ ಮಾರ್ಚ್ ಕೊನೆ, ಏಪ್ರಿಲ್ ಮೊದಲು, ಡೋರಾಳ ಹೊಲ ಹೂಬಿಟ್ಟಿರುತ್ತದೆ. ಕುಪ್ಪಳಿಗೆ ಮಳೆ ನಿಂತ ಮೇಲೆ, ಅಕ್ಟೋಬರ್‌ನಿಂದಾಚೆ. ಮಳೆಗಾಲದಲ್ಲೇ ಹೋಗುತ್ತೇನೆ ಅನ್ನುವವರು ಇಂಬಳಕ್ಕೆ ಸುಣ್ಣವೋ ಉಪ್ಪೋ ಇಟ್ಟುಕೊಳ್ಳಿ. ಶಿವಮೊಗ್ಗದವರೆಗೆ ರೈಲಿದೆ, ಅಲ್ಲಿಂದ ತೀರ್ಥಹಳ್ಳಿ, ತೀರ್ಥಹಳ್ಳಿಯಿಂದ ಕೊಪ್ಪದ ರಸ್ತೆ. ಮನೆಯನ್ನು ಬೇಗ ನೋಡಿ ಮುಗಿಸಿ, ಕವಿಶೈಲಕ್ಕೆ ಎರಡು ಗಂಟೆಯಾದರೂ ಇಟ್ಟುಕೊಳ್ಳಿ. ವಾಹನ ಕೆಳಗೇ ಬಿಟ್ಟು ನಡೆದೇ ಹತ್ತಿ.